ಮೊದಲ ಹದಿನೈದು ದಿನದ ಗೆಳತಿ

ಆ ಮನೆಯಲ್ಲಿ ಸಮುದ್ರ ಮೇ ತಿಂಗಳಲ್ಲೇ ಶುರುವಾಗುತ್ತಿತ್ತು. ಒಳನಾಡಿನ ಅಲ್ಬಸೇತೆಯಿಂದ ಸಾಂತೆಲ್ಮೊ ಕಡಲತೀರಕ್ಕೆ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಆ ಎರಡೂವರೆ ಗಂಟೆಗೆ ಮೂರು ತಿಂಗಳ ತಯಾರಿ. ಮೇ ತಿಂಗಳ ಒಂದು ಭಾನುವಾರ ಮೊಲದ ಮಾಂಸ ಹಾಕಿದ ಅನ್ನ ಉಂಡು, ಚೆರಿ ಹಣ್ಣಿನ ಬೀಜಗಳನ್ನು ತಟ್ಟೆಯ ಅಂಚಿಗೆ ಉಗುಳುತ್ತ ಎಲ್ಲರೂ ಕೂತಿರುವಾಗ, ಮಗಳು ಅಂಪಾರೋ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಅಂಗೈಯಿಂದ ಬಳಿದು ತನ್ನ ಚೌಕಳಿ ನೋಟ್‌ಬುಕ್ಕು ಬಿಚ್ಚಿದಳೆಂದರೆ ಸಮುದ್ರ ಮನೆಯೊಳಕ್ಕೆ ಬಂತು ಎಂದೇ ಅರ್ಥ.

ಎಪ್ಪತ್ತೊಂದರ ಬೆನಿತಾ ಆ ಗಳಿಗೆಗೆ ಸೆಪ್ಟೆಂಬರಿನಿಂದ ಕಾದಿದ್ದಳು.

"ಈ ಸಲ ಒಂದು ಸಣ್ಣ ಬದಲಾವಣೆ ಇದೆ," ಅಂದಳು ಅಂಪಾರೋ, ಪೆನ್ನಿನ ಮುಚ್ಚಳ ಕಚ್ಚಿಕೊಂಡು. "ನಾವು ಎರಡನೇ ಹದಿನೈದಕ್ಕೆ ಹೋಗೋದು."

ಬೆನಿತಾಳ ಕೈಯಲ್ಲಿದ್ದ ಚೆರಿ ತಟ್ಟೆಗೆ ಬಿತ್ತು. "ಎರಡನೇ ಹದಿನೈದಾ? ಯಾಕೆ, ಯಾರಾದ್ರೂ ಸತ್ರಾ?"

"ಯಾರೂ ಸತ್ತಿಲ್ಲಮ್ಮ. ಮೊದೆಸ್ತೊನ ಕಾರ್ಖಾನೇಲಿ ಆವಾಗ್ಲೇ ರಜಾ ಕೊಡ್ತಿರೋದು."

ಅಳಿಯ ಮೊದೆಸ್ತೊ ಚಾಕು ಕಾರ್ಖಾನೆಯಲ್ಲಿ ಹಿಡಿ ಕೂರಿಸುವವನು. ಅವನು ತಪ್ಪು ಮಾಡಿದವನ ಹಾಗೆ ಭುಜ ಕುಗ್ಗಿಸಿದ. "ದೊಡ್ಡ ಆರ್ಡರ್ ಬಂದಿದೆ ಅತ್ತೆ. ಐದು ಸಾವಿರ ಚಾಕು. ಆಗಸ್ಟ್ ಮಧ್ಯದವರೆಗೂ ಯಾರೂ ಅಲ್ಲಾಡೋ ಹಾಗಿಲ್ಲ."

ಆಗಸ್ಟ್ ಒಂದು ತಿಂಗಳು ಅಂತ ಕ್ಯಾಲೆಂಡರಿನವರು ಹೇಳಿಯಾರು. ಸಾಂತೆಲ್ಮೊದಲ್ಲಿ ಅದು ಎರಡು ಲೋಕ. ಒಂದರಿಂದ ಹದಿನೈದರವರೆಗೆ ಒಂದು ಜನ, ಹದಿನಾರರಿಂದ ಕೊನೆಯವರೆಗೆ ಇನ್ನೊಂದು ಜನ. ಅದೇ ಮನೆ, ಅದೇ ಮಂಚ, ಅದೇ ಬಾಣಲೆ. ಆದರೂ ಇವರ ಮುಖ ಅವರು ಕಂಡಿರುವುದಿಲ್ಲ. ಮೊದಲ ಹದಿನೈದರವರಿಗೆ ಎರಡನೆಯವರೆಂದರೆ ಮದುವೆ ಊಟ ಮುಗಿದ ಮೇಲೆ ಬಂದವರ ಹಾಗೆ, ಒಂಚೂರು ಸಸಾರ. ಬೆನಿತಾ ಇಪ್ಪತ್ತೆರಡು ವರ್ಷದಿಂದ ಮೊದಲ ಹದಿನೈದರವಳು.

"ನಾವು ಮುಳುಗಿ ಎದ್ದು ಬಿಟ್ಟ ನೀರಲ್ಲಿ ನಾವೇ ಹೋಗಿ ಮುಳುಗೋದಾ?" ಅಂದಳು. "ನನ್ನ ಒಂಬತ್ತು ಮುಳುಗಿನ ಗತಿ ಏನು? ಹದಿನೈದನೇ ತಾರೀಕಿನ ಮೇರಿಮಾತೆ ಹಬ್ಬದೊಳಗೆ ಒಂಬತ್ತೂ ಮುಗೀಬೇಕು. ಹಬ್ಬ ಕಳೆದ ಮೇಲೆ ಸಮುದ್ರಕ್ಕೆ ಗುಣ ಇರಲ್ಲ. ಚಳಿಗಾಲದಲ್ಲಿ ನನ್ನ ಮಂಡಿ ಹಿಡ್ಕೊಂಡ್ರೆ ನೀವೇ ಎತ್ಕೊಂಡು ತಿರುಗ್ಬೇಕು."

"ಸಮುದ್ರಕ್ಕೆ ತಾರೀಕು ಓದೋಕೆ ಬರುತ್ತಾ ಅಮ್ಮ?"

ಮೊಮ್ಮಗಳು ನೊಎಲಿಯಾ, ಹದಿನೇಳರವಳು, ಫೋನಿನಿಂದ ತಲೆ ಎತ್ತಿ ನಕ್ಕಳು. ಬೆನಿತಾ ನಗಲಿಲ್ಲ. ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಅಡುಗೆಮನೆಗೆ ಹೋದಳು. ನಲ್ಲಿ ಜೋರಾಗಿ ಬಿಟ್ಟಳು. ಪಾತ್ರೆ ಮಾತ್ರ ತೊಳೆಯಲಿಲ್ಲ.

ಮಂಡಿಯ ಮಾತು ನೆಪ. ನಿಜ ಸಂಗತಿ ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಅಡುಗೆ ಚೀಟಿಗಳನ್ನಿಡುವ ಬಿಸ್ಕತ್ತಿನ ಡಬ್ಬಿಯ ತಳದಲ್ಲಿತ್ತು. ಒಂದೇ ಒಂದು ಇಸ್ಪೀಟೆಲೆ. ಬಂಗಾರದ ನಾಣ್ಯಗಳ ಮೂರು.

ಅದರ ಕಥೆ ಹೀಗೆ. ಸಾಂತೆಲ್ಮೊದಲ್ಲಿ ಬೆನಿತಾಗೆ ಒಬ್ಬಳು ಗೆಳತಿ. ಹೆಸರು ಕಸಿಲ್ದಾ, ಊರು ದೂರದ ಬುರ್ಗೋಸ್. ಇಪ್ಪತ್ತೆರಡು ವರ್ಷ ಇಬ್ಬರೂ ನೀರಿನಂಚಿಗೆ ಮಡಚುವ ಕುರ್ಚಿ ಹಾಕಿಕೊಂಡು, ಪಾದ ಅಲೆಗೆ ಒಡ್ಡಿ, ಮಧ್ಯೆ ತಲೆಕೆಳಗಾದ ಬಕೆಟ್ಟಿನ ಮೇಲೆ ಬ್ರಿಸ್ಕಾ ಎಂಬ ಇಸ್ಪೀಟಾಟ ಆಡಿದವರು. ಒಬ್ಬಳಿಗೆ ಇನ್ನೊಬ್ಬಳ ಹೆರಿಗೆ, ಹಲ್ಲುನೋವು, ಸೊಸೆಯ ಬಾಯಿ ಎಲ್ಲ ಗೊತ್ತು. ಗೊತ್ತಿಲ್ಲದ್ದು ಮನೆತನದ ಹೆಸರು ಮತ್ತು ಫೋನ್ ನಂಬರು. ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಆಗಸ್ಟ್ ಒಂದಕ್ಕೆ ಸೂರ್ಯ ಹುಟ್ಟುತ್ತಾನೆ, ಕಸಿಲ್ದಾ ಬಂದಿರುತ್ತಾಳೆ. ಸೂರ್ಯನ ನಂಬರು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೆ?

ಹೋದ ವರ್ಷ ಹದಿನೈದನೇ ತಾರೀಕು, ಕಡೆಯ ಆಟ. ಎಲೆ ಎಣಿಸಿದರೆ ಮೂವತ್ತೊಂಬತ್ತು. ನಲವತ್ತಿರಬೇಕು. ಇಲ್ಲದ್ದು ಬಂಗಾರದ ಮೂರು, ಹತ್ತು ಅಂಕದ ಎಲೆ. ಸೋಲುತ್ತಿದ್ದ ಬೆನಿತಾಗೆ ಬಿಸಿಲು ನೆತ್ತಿಗೇರಿತ್ತೋ ಏನೋ, "ಎಲೆ ನಿನ್ನ ಟವೆಲ್ ಕೆಳಗಿದೆ, ಕಳ್ಳಿ!" ಎಂದು ಕೂಗಿಬಿಟ್ಟಳು. ಆ ಕಡೆ ನಾಲ್ಕು ಕೊಡೆ, ಈ ಕಡೆ ನಾಲ್ಕು ಕೊಡೆಯವರು ತಿರುಗಿ ನೋಡಿದರು. ಕಸಿಲ್ದಾ ಟವೆಲ್ ಎತ್ತಿ ಕೊಡವಿದಳು. ಮರಳು ಬಿತ್ತು, ಎಲೆ ಬೀಳಲಿಲ್ಲ. ಕುರ್ಚಿ ಮಡಚಿಕೊಂಡು ಹೊರಟುಹೋದಳು.

ಮರುದಿನ ಬೆಳಗ್ಗೆ ಬೆನಿತಾ ಬಾಲ್ಕನಿಯಲ್ಲಿ ನಿಂತು ನೋಡಿದಳು. ಕಸಿಲ್ದಾ ತನ್ನ ವಾಡಿಕೆಯಂತೆ, ಹನ್ನೊಂದರ ಬಸ್ಸಿಗೆ ಮುಂಚೆ, ಒಂಬತ್ತನೇ ಮುಳುಗು ಹಾಕಲು ಒಬ್ಬಳೇ ನೀರಿಗಿಳಿಯುತ್ತಿದ್ದಳು. ಉಪ್ಪು ಬುರ್ಗೋಸ್‌ವರೆಗೂ ಮೈಮೇಲಿರಲಿ ಎಂದು ಅವಳು ಒದ್ದೆ ಕೂದಲಲ್ಲೇ ಬಸ್ಸು ಹತ್ತುವವಳು. ಇಳಿದು ಹೋಗಲು ಬೆನಿತಾಗೆ ಮೂವತ್ತೆರಡು ಮೆಟ್ಟಿಲು ಸಾಕಿತ್ತು. ಬಿಂಕ ಬಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಕಡಲಿನ ಚೀಲ ತೊಳೆಯಲೆಂದು ಒಳಗು ಹೊರಗು ಮಾಡಿದಾಗ, ಹರಿದ ಅಸ್ತರಿನೊಳಗಿಂದ ಒಂದು ಹಿಡಿ ಮರಳಿನ ಜೊತೆ ಅದು ಬಿತ್ತು. ಮೂರು ಬಂಗಾರದ ನಾಣ್ಯಗಳು, ಮೂರು ಕಣ್ಣುಗಳ ಹಾಗೆ ಅವಳನ್ನೇ ನೋಡುತ್ತ. ಅಂದಿನಿಂದ ಅವಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ. ನುಂಗಲಾರಳು, ಉಗುಳಲಾರಳು. ಆ ಎಲೆಯನ್ನು ಕಸಿಲ್ದಾಳ ಕೈಗೆ ಇಡುವ ತನಕ ಯಾವ ಸಮುದ್ರದಲ್ಲಿ ಎಷ್ಟು ಮುಳುಗು ಹಾಕಿದರೂ ಮೈ ಹಗುರಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ಮೇ ತಿಂಗಳ ಭಾನುವಾರದ ಮರುದಿನವೇ ಅವಳು ಯಾರಿಗೂ ಹೇಳದೆ ಸಾಂತೆಲ್ಮೊದ ಮನೆಯೊಡತಿ ಪಕೀತಾಗೆ ಫೋನು ಹಚ್ಚಿದಳು.

"ಅಯ್ಯೋ ಬೆನಿತಾ, ಮೊದಲ ಹದಿನೈದಕ್ಕೆ ಮ್ಯಾಡ್ರಿಡ್‌ನೋರು ಮನೆ ಗೊತ್ತು ಮಾಡ್ಕೊಂಡುಬಿಟ್ರಲ್ಲ. ನಿನ್ನ ಮಗಳೇ ಬೇಡ ಅಂದಿದ್ದು."

"ಹೋಗ್ಲಿ. ಆ ಬುರ್ಗೋಸ್ ಕಸಿಲ್ದಾ ಇದಾಳಲ್ಲ, ಅವಳ ವಿಳಾಸ ಏನಾದ್ರೂ..."

"ಅವಳು ಇಳಿಯೋದು ಹಳದಿ ಕಟ್ಟಡದಲ್ಲಿ ಕಣಮ್ಮ. ಅಲ್ಲಿಯ ಒಡತಿಯನ್ನೇ ಕೇಳ್ಬೇಕು."

"ಕೇಳಿ ಹೇಳ್ತೀಯಾ?"

"ನಾನಾ? ಅವಳ ಹತ್ರ ನಾನು ಮಾತು ಬಿಟ್ಟು ಒಂಬತ್ತು ವರ್ಷ ಆಯ್ತು. ನನ್ನ ಬಟ್ಟೆ ಕ್ಲಿಪ್ಪು ಕದ್ದವಳು ಅವಳು!"

ಬೆನಿತಾ ಮೆಲ್ಲಗೆ ಫೋನಿಟ್ಟಳು. ಒಂಬತ್ತು ವರ್ಷ! ಬಟ್ಟೆ ಕ್ಲಿಪ್ಪಿಗೆ ಒಂಬತ್ತು ವರ್ಷವಾದರೆ ಹತ್ತು ಅಂಕದ ಎಲೆಗೆ ಎಷ್ಟು?

ಜೂನ್ ಹೋಯಿತು. ಅಂಪಾರೋಳ ಪಟ್ಟಿ ನಾಲ್ಕು ಪುಟ ದಾಟಿತು. ಫ್ಯಾನು, ಕುಕ್ಕರು, ಹಂದಿತೊಡೆ, ತಲೆದಿಂಬು ಎಂಟು, ಕಲ್ಲಂಗಡಿ ಆರು.

"ಸಾಂತೆಲ್ಮೊದಲ್ಲಿ ಕಲ್ಲಂಗಡಿ ಸಿಗಲ್ವಾ ಮಾರಾಯ್ತಿ?" ಎಂದು ಮೊದೆಸ್ತೊ ಕೇಳಿದರೆ, "ಸಿಗುತ್ತೆ. ಆದ್ರೆ ಅದು ಅವರ ಕಲ್ಲಂಗಡಿ," ಎಂಬ ಉತ್ತರ ಸಿದ್ಧ. ಬೆನಿತಾ ಮಾತ್ರ ಪಟ್ಟಿಗೆ ಒಂದು ಚಮಚವನ್ನೂ ಸೇರಿಸಲಿಲ್ಲ. ಅಜ್ಜಿಗೆ ಮೈ ಸರಿಯಿಲ್ಲ ಎಂದುಕೊಂಡರು.

ಜುಲೈ ತಿಂಗಳ ಒಂದು ಮಧ್ಯಾಹ್ನ ನೊಎಲಿಯಾ ಕರಿದ ಉಂಡೆ ಮಾಡುವ ಚೀಟಿ ಹುಡುಕುತ್ತ ಬಿಸ್ಕತ್ತಿನ ಡಬ್ಬಿ ತೆಗೆದಳು. "ಅಜ್ಜೀ, ಇದೇನು ಇಲ್ಲಿ? ಮೂರು ನಾಣ್ಯದಲ್ಲಿ ಯಾವ ಅಡುಗೆ ಮಾಡ್ತೀಯ?"

ಬೆನಿತಾ ಸ್ಟೂಲು ಎಳೆದುಕೊಂಡು ಕೂತಳು. ಹತ್ತು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡದ್ದು ಒಂದು ಗಳಿಗೆಯಲ್ಲಿ ಹೊರಗೆ ಬಂತು. ಕೇಳಿ ಮುಗಿಸಿದ ನೊಎಲಿಯಾಳ ಕಣ್ಣು ಅರಳಿತ್ತು.

"ಇಷ್ಟೇನಾ? ಫೋನಲ್ಲಿ ಹುಡುಕಿದ್ರಾಯ್ತು. ಕಸಿಲ್ದಾ, ಬುರ್ಗೋಸ್..." ಬೆರಳು ಓಡಿತು. ನಿಂತಿತು. "ಅಯ್ಯಯ್ಯೋ. ಅಜ್ಜಿ, ಅದು ಅಲ್ಲಿಯ ಸಂತಳ ಹೆಸರು. ಆ ಊರಲ್ಲಿ ಅರ್ಧ ಹೆಂಗಸರು ಕಸಿಲ್ದಾನೇ."

"ನನಗೆ ಗೊತ್ತಿತ್ತು."

"ಅಳಬೇಡ ಅಜ್ಜಿ. ಎಲ್ಲ ಆ ಹಾಳು ಹಬ್ಬದಿಂದ. ಹಬ್ಬ ಕಳೆದ ಮೇಲೆ ಸಮುದ್ರಕ್ಕೆ ಗುಣ ಇರಲ್ಲ ಅಂತ ಕಸಿಲ್ದಾನೂ ಊರಿಗೆ ಹೋಗ್ತಾರೆ ಅಲ್ವಾ?"

"ಅವಳಿಗೆಲ್ಲಿಯ ಹಬ್ಬ! ಅದು ನಾನು ನಿಮ್ಮಮ್ಮನಿಗೆ ಬಿಟ್ಟ ಬುರುಡೆ. ಅವಳ ಒಂಬತ್ತನೇ ಮುಳುಗೇ ಹಬ್ಬದ ಮಾರನೇ ದಿನ. ಹದಿನಾರಕ್ಕೆ. ಬಸ್ಸಿಗೆ ಮುಂ..."

ಮಾತು ಅಲ್ಲೇ ನಿಂತಿತು. ಅಜ್ಜಿ ಮೊಮ್ಮಗಳನ್ನು ನೋಡಿದಳು. ಮೊಮ್ಮಗಳು ಅಜ್ಜಿಯನ್ನು ನೋಡಿದಳು. ಸುಳ್ಳಿಗೂ ಒಂದು ಬಾಲ ಇರುತ್ತದೆ, ಅದನ್ನು ಹಿಡಿದರೆ ಕೆಲವೊಮ್ಮೆ ನಿಜದ ಮನೆಗೇ ಕರೆದೊಯ್ಯುತ್ತದೆ.

"ನಾವು ಹೋಗೋದೂ ಹದಿನಾರಕ್ಕೇ ಅಲ್ವೇನೇ?"

"ಹೂಂ. ಆದ್ರೆ ಅಪ್ಪ ಊಟ ಮಾಡಿ, ನಿದ್ದೆ ಮಾಡಿ ಹೊರಡೋಣ ಅಂತಿದಾರೆ. ಮನೆ ಕೀಲಿ ಸಿಗೋದು ನಾಲ್ಕು ಗಂಟೆಗೆ."

"ಹತ್ತರೊಳಗೆ ನಾನು ಆ ಮರಳ ಮೇಲಿರ್ಬೇಕು," ಅಂದಳು ಬೆನಿತಾ. "ನಿಮ್ಮಪ್ಪನ್ನ ನನಗೆ ಬಿಡು. ನಿಮ್ಮಮ್ಮನಿಗೆ ಉಸಿರೆತ್ತಬೇಡ. ಜಗಳ ಆಡಿ ಬಂದಿದ್ದು ಗೊತ್ತಾದ್ರೆ ಇನ್ನು ಹತ್ತು ವರ್ಷ ಆಡ್ಕೋತಾಳೆ."

ಅಳಿಯನನ್ನು ಯಾವಾಗ ಮಾತಾಡಿಸಬೇಕು ಎಂಬುದು ಅತ್ತೆಯಾದವಳಿಗೆ ಗೊತ್ತಿರಬೇಕಾದ ವಿದ್ಯೆ. ಬೆನಿತಾ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಮಾಂಸದ ತುಂಡು ಕರಿದಳು, ಮೂರನೆಯದನ್ನು ತಟ್ಟೆಗೆ ಹಾಕುವವರೆಗೂ ಬಾಯಿ ಬಿಡಲಿಲ್ಲ.

"ಅಳಿಯಂದ್ರೇ, ನಾವು ಎಂಟು ವರ್ಷದಿಂದ ಯಾವ ಸಾಲಲ್ಲಿ ಕೂರ್ತಿದೀವಿ?"

ಮೊದೆಸ್ತೊನ ಮುಖ ಕಪ್ಪಾಯಿತು. ಅದು ಅವನ ಹುಣ್ಣು. "ಮೂರನೇ ಸಾಲು. ಆ ಮುರ್ಸಿಯಾದವರ ಡೇರೆ ಹಿಂದೆ. ಅವರ ಅಜ್ಜನ ಬೆನ್ನು ಬಿಟ್ರೆ ನಾನು ಸಮುದ್ರ ನೋಡಿದ್ದೇ ಇಲ್ಲ."

"ಯಾಕೆ? ಮೊದಲ ದಿನ ಯಾರು ಬೆಳಗ್ಗೇನೇ ಕೊಡೆ ನೆಡ್ತಾರೋ ಹದಿನೈದು ದಿನವೂ ಆ ಜಾಗ ಅವರದ್ದು. ನಾವು ಹೋಗೋದು ಸಂಜೆ. ಯೋಚನೆ ಮಾಡಿ. ಹದಿನಾರನೇ ತಾರೀಕು ಬೆಳಗ್ಗೆ ಹಳಬರೆಲ್ಲ ಕೊಡೆ ಕಿತ್ಕೊಂಡು ಹೋಗಿರ್ತಾರೆ. ಹೊಸಬರೆಲ್ಲ ಊಟ ಮಾಡಿ, ನಿದ್ದೆ ಮಾಡಿ ಹೊರಡೋರು. ಮುಂದಿನ ಸಾಲು ಪೂರ್ತಿ..."

ಮೊದೆಸ್ತೊ ಅಗಿಯುವುದನ್ನು ನಿಲ್ಲಿಸಿದ. ಅವನ ಕಣ್ಣ ಮುಂದೆ ಒಂದು ಖಾಲಿ ತೀರ ಹಾಸಿಕೊಂಡಿತ್ತು. ನಡುವೆ ಅವನದೊಂದೇ ಕೊಡೆ.

"ಕೀಲಿ ನಾಲ್ಕು ಗಂಟೆಗೆ ಅತ್ತೆ."

"ಕೀಲಿಯಿಂದ ಏನು ಸಮುದ್ರ ತೆಗೀಬೇಕಾ?"

ಅವನು ಬಾಯೊರೆಸಿಕೊಂಡ. "ಎಷ್ಟೊತ್ತಿಗೆ ಹೊರಡೋಣ?"

ಆಗಸ್ಟ್ ಹದಿನಾರು, ಬೆಳಗಿನ ಆರು. ಕಾರು ತುಂಬಿ, ತಲೆಯ ಮೇಲೆ ಕೊಡೆ ಕುರ್ಚಿಗಳ ಕಟ್ಟು. ನೊಎಲಿಯಾಳ ಮಡಿಲಲ್ಲಿ ಕಲ್ಲಂಗಡಿ, ಕಾಲ ಕೆಳಗೆ ಕಲ್ಲಂಗಡಿ. ಬೆನಿತಾ ಎಲೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯೊಳಗೆ ಸಿಕ್ಕಿಸಿಕೊಂಡಿದ್ದಳು. ಹೊರಟು ಎರಡು ಬೀದಿ ದಾಟುವಷ್ಟರಲ್ಲಿ ಅಂಪಾರೋ, "ಗ್ಯಾಸ್ ಆರಿಸಿದ್ನಾ?" ಅಂದಳು. ವಾಪಸು. ಆರಿತ್ತು. ಮತ್ತೆ ಹೊರಟು ಊರು ದಾಟುವಷ್ಟರಲ್ಲಿ, "ಕಿಟಕಿ?" ವಾಪಸು. ಮುಚ್ಚಿತ್ತು.

ದಾರಿಯ ನಡುವೆ ಮೊದೆಸ್ತೊ ಪ್ರತಿವರ್ಷ ನಿಲ್ಲಿಸುವ ಹೋಟೆಲು ಬಂತು. ಟೊಮೇಟೊ ಉಜ್ಜಿದ ಬ್ರೆಡ್ಡು, ಹಾಲು ಕಾಫಿ.

"ಇಲ್ಲಿ ನಿಲ್ಲಿಸದೇ ಇದ್ರೆ ರಜಾ ಶುರುವಾದ ಹಾಗೇ ಅಲ್ಲ ಅತ್ತೆ."

"ತಿನ್ನಿ ತಿನ್ನಿ," ಅಂದಳು ಬೆನಿತಾ, ಕುರ್ಚಿಯ ತುದಿಯಲ್ಲಿ ಕೂತು. "ಅಷ್ಟರಲ್ಲಿ ಮುರ್ಸಿಯಾದವರ ಯಾರಾದ್ರೂ ನೆಂಟರು ಕೊಡೆ ನೆಡ್ಲಿ."

ಮೊದೆಸ್ತೊ ಬ್ರೆಡ್ಡು ಕೈಯಲ್ಲೇ ಹಿಡಿದು ಎದ್ದ.

ಕಾರಿನ ಒಂದು ಕಿಟಕಿಯಲ್ಲಿ ಸೂರ್ಯ, ಇನ್ನೊಂದರಲ್ಲಿ ಮಾಸಲು ಚಂದ್ರ. ಒಬ್ಬ ಬರುವ ಹೊತ್ತಿಗೆ ಇನ್ನೊಬ್ಬ ಹೊರಟಿದ್ದ. ಆದರೂ ಸ್ವಲ್ಪ ದೂರ ಇಬ್ಬರೂ ಜೊತೆಗಿದ್ದರು. ಇರು, ಇನ್ನೂ ಸ್ವಲ್ಪ ಇರು, ಎಂದು ಬೆನಿತಾ ಚಂದ್ರನಿಗೆ ಹೇಳಿದಳು. ತುಟಿ ಅಲ್ಲಾಡಿದ್ದು ಕಂಡು, ಅಮ್ಮ ಜಪ ಮಾಡುತ್ತಿದ್ದಾಳೆ ಎಂದುಕೊಂಡಳು ಅಂಪಾರೋ.

ಸಾಂತೆಲ್ಮೊ ತಲುಪಿದಾಗ ಒಂಬತ್ತೂ ಮುಕ್ಕಾಲು. ಕಾರು ನಿಲ್ಲಿಸಲು ಜಾಗವಿಲ್ಲ. ಮೂರನೇ ಸುತ್ತಿಗೆ ಬೆನಿತಾ ಬಾಗಿಲು ತೆಗೆದು ಇಳಿದೇ ಬಿಟ್ಟಳು.

"ಅಮ್ಮಾ! ಎಲ್ಲಿಗೆ?"

"ಜಾಗ ಹಿಡಿಯೋಕೆ!"

ಕಟ್ಟಿನಿಂದ ಕೊಡೆ ಎಳೆದುಕೊಂಡು ನೊಎಲಿಯಾ ಅಜ್ಜಿಯ ಹಿಂದೆ ಓಡಿದಳು. ಮರದ ಹಾದಿ ಮುಗಿದು ಮರಳು ಕಂಡದ್ದೇ ಇಬ್ಬರೂ ನಿಂತರು. ಮುಂದಿನ ಸಾಲು ತುಂಬಿಹೋಗಿತ್ತು. ಹಿಂದಿನ ದಿನವೇ ಬಂದವರು, ಬೆಳಗ್ಗೆ ಏಳಕ್ಕೇ ಕೊಡೆ ನೆಟ್ಟು ಮತ್ತೆ ಹೋಗಿ ಮಲಗಿದವರು. ಬಣ್ಣಬಣ್ಣದ ಕೊಡೆಗಳ ಗೋಡೆ. ಎಲ್ಲ ಹೊಸವು. ಒಂದೂ ಪರಿಚಯದ್ದಲ್ಲ.

"ಅಪ್ಪ ಸತ್ತೇ ಹೋಗ್ತಾರೆ," ಅಂದಳು ನೊಎಲಿಯಾ.

ಬೆನಿತಾ ಆ ಗೋಡೆಯುದ್ದಕ್ಕೂ ನಡೆದಳು. ಅಲ್ಲಿತ್ತು. ಬಿಸಿಲಿಗೆ ಮಾಸಿದ ಹಸಿರು ಕೊಡೆ, ಹರಿದಲ್ಲಿ ಹೂವಿನ ಚಿತ್ರದ ತೇಪೆ. ಕೆಳಗೆ ಒಂದು ಕುರ್ಚಿ, ತಲೆಕೆಳಗಾದ ಬಕೆಟ್ಟು. ಕುರ್ಚಿ ಖಾಲಿ. ಬೆನಿತಾ ಅಕ್ಕಪಕ್ಕದ ಕೊಡೆಗಳ ಕೆಳಗೆ ಹುಡುಕಿದಳು. ಆಮೇಲೆ ನೀರಿನ ಕಡೆ ನೋಡಿದಳು. ಕಪ್ಪು ಈಜುಡುಗೆಯ ದಪ್ಪ ಹೆಂಗಸೊಬ್ಬಳು ಸೊಂಟದುದ್ದ ನೀರಲ್ಲಿ ನಿಂತು, ಮೂಗು ಹಿಡಿದು, ಬುಳುಕ್ಕನೆ ಮುಳುಗಿದಳು.

ಒಂಬತ್ತು.

ಎದ್ದು ಬಂದಳು. ನೀರಿನಂಚಿನಲ್ಲಿ ಚಪ್ಪಲಿ ಒದ್ದೆ ಮಾಡಿಕೊಂಡು ನಿಂತವಳನ್ನು ನೋಡಿದಳು. ಕಣ್ಣಿನ ಉಪ್ಪು ಒರೆಸಿಕೊಂಡು ಮತ್ತೊಮ್ಮೆ ನೋಡಿದಳು.

"ಓಹೋ. ಎರಡನೇ ಹದಿನೈದಕ್ಕೆ ಇಳಿದ್ಯೇನೇ?"

"ಅಳಿಯನ ಕಾರ್ಖಾನೆ..." ಅಂದಳು ಬೆನಿತಾ. ಹನ್ನೊಂದು ತಿಂಗಳು ಬಾಯಿಪಾಠ ಮಾಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ.

"ಸತ್ತಿಲ್ಲ ಹಾಗಾದ್ರೆ. ನೀನು ಸತ್ತೇ ಹೋದೆ ಅಂತ ನಾನು ಅಂದ್ಕೊಂಡಿದ್ದೆ. ಕೋಪಕ್ಕೆ ಬರದೇ ಇರೋವಷ್ಟು ಕೋಪ ಬೆನಿತಾ ಹತ್ರ ಎಲ್ಲಿದೆ, ಸತ್ತೇ ಇರ್ಬೇಕು ಅಂತ ಇಲ್ಲಿಯ ಚರ್ಚಲ್ಲಿ ಮೇಣದಬತ್ತಿ ಹಚ್ಚಿದೆ. ಎರಡು. ದಂಡ."

ಬೆನಿತಾ ಎದೆಯೊಳಗೆ ಕೈ ಹಾಕಿ ಪ್ಲಾಸ್ಟಿಕ್ಕು ಬಿಚ್ಚಿ ಎಲೆ ಮುಂದೆ ಹಿಡಿದಳು. "ನನ್ನ ಚೀಲದ ಅಸ್ತರಿನಲ್ಲಿತ್ತು," ಅಂದಳು, ಅಲೆಗೂ ಕೇಳದಷ್ಟು ಮೆಲ್ಲಗೆ.

ಕಸಿಲ್ದಾ ಎಲೆಯನ್ನು ನೋಡಿದಳು. ಮುಟ್ಟಲಿಲ್ಲ. ಸೊಂಟಕ್ಕೆ ಕೈ ಇಟ್ಟಳು. "ಕಳ್ಳಿ ಅಂದಿದ್ದು ಊರಿಗೆಲ್ಲ ಕೇಳೋ ಹಾಗೆ. ಅಲ್ಲ ಅನ್ನೋದು ಕಿವಿಯಲ್ಲಾ?"

ನ್ಯಾಯವಾದ ಮಾತು. ಬೆನಿತಾ ಗಂಟಲು ಸರಿಮಾಡಿಕೊಂಡಳು. ತೀರದ ಕಡೆ ತಿರುಗಿದಳು. ಎಲೆಯನ್ನು ತಲೆಯ ಮೇಲೆತ್ತಿದಳು.

"ಕೇಳ್ರಪ್ಪಾ ಎಲ್ಲರೂ! ಬುರ್ಗೋಸ್ ಕಸಿಲ್ದಾ ಕಳ್ಳಿ ಅಲ್ಲ! ಎಲೆ ನನ್ನ ಚೀಲದಲ್ಲಿತ್ತು! ಕತ್ತೆ ನಾನು!"

ಆ ಕಡೆ ನಾಲ್ಕು ಕೊಡೆ, ಈ ಕಡೆ ನಾಲ್ಕು ಕೊಡೆಯವರು ತಿರುಗಿ ನೋಡಿದರು. ಒಬ್ಬ ಬೊಕ್ಕತಲೆಯವನು ಪೇಪರು ಕೆಳಗಿಳಿಸಿ ಹೆಂಡತಿಯನ್ನು ಕೇಳಿದ, "ಯಾರಂತೆ ಕಸಿಲ್ದಾ?"

ಕಸಿಲ್ದಾಳ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ಭುಜ, ಆಮೇಲೆ ನಗು ಹೊರಗೆ ಬಂತು. "ಅಯ್ಯೋ ಪೆದ್ದೀ! ಇವರಿಗೇನು ಗೊತ್ತು? ಇವರು ಎರಡನೇ ಹದಿನೈದರವರು. ನನ್ನ ಸಾಕ್ಷಿಗಳೆಲ್ಲ ನಿನ್ನೆಯೇ ಊರಿಗೆ ಹೋದ್ರಲ್ಲೇ! ಇದು ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಮೊದಲ ಹದಿನೈದಕ್ಕೆ ಬಂದು ಇನ್ನೊಂದ್ಸಲ ಕೂಗ್ಬೇಕು."

"ಕೂಗ್ತೀನಿ."

"ಕತ್ತೆ ಅನ್ನೋದನ್ನೂ ಸೇರಿಸಿ."

"ಸೇರಿಸಿ."

ಕೊಡೆಯ ಕೆಳಗೆ ಕಸಿಲ್ದಾ ತನ್ನ ಚೀಲದಿಂದ ಇಸ್ಪೀಟು ಕಟ್ಟು ತೆಗೆದಳು. ಅದೇ ಹಳೇ ಕಟ್ಟು. ಅದರೊಳಗಿಂದ ಹಾಲಿನ ಡಬ್ಬಿಯ ರಟ್ಟು ಕತ್ತರಿಸಿ ಮಾಡಿದ ಒಂದು ಎಲೆ ಎಳೆದಳು. ಹಳದಿ ಪೆನ್ಸಿಲ್ಲಿನಲ್ಲಿ ಬರೆದ ಮೂರು ನಾಣ್ಯ, ಒಂದಕ್ಕಿಂತ ಒಂದು ಸೊಟ್ಟ. "ಚಳಿಗಾಲದಲ್ಲಿ ಮಾಡ್ದೆ. ಆಟ ನಿಲ್ಲಬಾರದಲ್ಲ." ಅಸಲಿ ಎಲೆ ಕಟ್ಟಿಗೆ ಹೋಯಿತು. ರಟ್ಟಿನದು ಬೆನಿತಾಳ ಮಡಿಲಿಗೆ ಬಿತ್ತು. "ಇಟ್ಕೋ. ಇನ್ನು ಇದು ಕಳೆದ್ರೆ ನಿನ್ನದೇ ಕಳೀತು."

ಬಸ್ಸಿಗೆ ಅರ್ಧ ಗಂಟೆಯಿತ್ತು. ಒಂದು ಆಟವಾಯಿತು. ಬೆನಿತಾ ಸೋತಳು. ಬಾಯಿ ಮಾತ್ರ ಮುಚ್ಚಿಕೊಂಡೇ ಸೋತಳು.

ಅಷ್ಟರಲ್ಲಿ ಮೊದೆಸ್ತೊ ಮರದ ಹಾದಿಯಲ್ಲಿ ಕಾಣಿಸಿಕೊಂಡ. ಎರಡು ಕೈಯಲ್ಲೂ ಕುರ್ಚಿ, ಹಿಂದೆ ಅಂಪಾರೋ. ತುಂಬಿದ ಸಾಲು ನೋಡಿ ಅವನ ಕುರ್ಚಿಗಳು ಮರಳಿಗೆ ಬಿದ್ದವು. "ಅತ್ತೇ, ಇದೇನಾ ಖಾಲಿ ಸಾಲು?"

ಕಸಿಲ್ದಾ ಎದ್ದಳು. ಹಸಿರು ಕೊಡೆಯ ಕೋಲು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕಿತ್ತಳು. ಮರಳಿನಲ್ಲಿ ಒಂದು ದುಂಡನೆಯ ಗುಂಡಿ ಉಳಿಯಿತು. "ಬೇಗ ನೆಡಪ್ಪ, ಬಾಯಿ ಕಳ್ಕೊಂಡು ನಿಂತಿದೀಯಲ್ಲ. ಆ ಬೊಕ್ಕತಲೆಯೋನು ಆಗಲೇ ನೋಡ್ತಿದಾನೆ."

ಮೊದೆಸ್ತೊ ಅದೇ ಗುಂಡಿಗೆ ತನ್ನ ಕೊಡೆ ಇಳಿಸಿದ. ಇಳಿಸಿ ಅದರ ಮುಂದೆ ಕೂತ. ಮುಂದೆ ಯಾರ ಬೆನ್ನೂ ಇರಲಿಲ್ಲ. ಬರೀ ನೀರು.

ಕಸಿಲ್ದಾ ಒದ್ದೆ ಕೂದಲಿನಲ್ಲಿ, ಬಗಲಲ್ಲಿ ಕುರ್ಚಿ, ಹೆಗಲ ಮೇಲೆ ಕೊಡೆ ಏರಿಸಿ ಹೊರಟಳು. ಆಗ ನೊಎಲಿಯಾ ಹಾರಿಬಿದ್ದಳು. "ಅಜ್ಜೀ! ನಂಬರು!"

ಇಪ್ಪತ್ತೆರಡು ವರ್ಷ ಕೇಳದ್ದನ್ನು ಬೆನಿತಾ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿ ಕೇಳಿದಳು. ಮರದ ಹಾದಿಯ ಮೇಲಿಂದ ಕಸಿಲ್ದಾ ಒಂದೊಂದೇ ಅಂಕಿ ಕೂಗಿದಳು. ನೊಎಲಿಯಾ ಫೋನನ್ನು ಕಲ್ಲಂಗಡಿಯ ಜೊತೆ ಕಾರಿನಲ್ಲೇ ಬಿಟ್ಟು ಬಂದಿದ್ದಳು. ಅಂಪಾರೋ, "ಇದೆಲ್ಲ ಏನು? ಅಮ್ಮ, ಆಗ ರಸ್ತೆವರೆಗೂ ಕೇಳಿಸ್ತು, ಯಾರನ್ನ ಕತ್ತೆ ಅಂತಿದ್ದೆ ನೀನು?" ಎನ್ನುತ್ತಲೇ ಪಟ್ಟಿಯ ಪೆನ್ನು ಕೊಟ್ಟಳು. ರಟ್ಟಿನ ಎಲೆಯ ಬೆನ್ನ ಮೇಲೆ ಅಂಕಿಗಳು ಬಿದ್ದವು. ಕೊನೆಯ ಎರಡು ಕೂಗುವಾಗ ದೊಡ್ಡದೊಂದು ಅಲೆ ಬಂದು ಮುರಿಯಿತು. ಕಸಿಲ್ದಾ ಕೈ ಬೀಸಿ ತಿರುವಿನಲ್ಲಿ ಮರೆಯಾದಳು.

"ಕೇಳಿಸ್ಲಿಲ್ಲ," ಅಂದಳು ನೊಎಲಿಯಾ, ಅಳುವ ಮುಖ ಮಾಡಿ. "ಅಜ್ಜಿ, ಕೊನೇ ಎರಡು ಕೇಳಿಸ್ಲಿಲ್ಲ."

ಪೇಪರಿನ ಹಿಂದಿನಿಂದ ಬೊಕ್ಕತಲೆಯವನು ತಲೆ ಎತ್ತದೆಯೇ ಹೇಳಿದ. "ನಾಲ್ಕು, ಏಳು."

ಬೆನಿತಾ ಅವನ ಕಡೆ ತಿರುಗಿ ಮೊದಲ ಸಲ ಸರಿಯಾಗಿ ನೋಡಿದಳು. ಕುರ್ಚಿ ಅವನ ಕಡೆ ಒಂಚೂರು ಎಳೆದುಕೊಂಡಳು.

"ಕಲ್ಲಂಗಡಿ ತಿಂತೀರಾ?" ಅಂದಳು. "ನಮ್ಮೂರದ್ದು."